ಜಾತ್ರೆಯ ಗದ್ದೆಯೂ ಹೆಜ್ಜೇನಿನ ಮರವೂ

ದೀಪಾವಳಿ ಕಳೆದು ಕೊಯ್ಲಿನ ಗದ್ದೆ ಒಣಗಿತೆಂದರೆ ನಮ್ಮ ಕಾಸರಗೋಡಿನ ಗಡಿನಾಡಿನಲ್ಲಿ ಜಾತ್ರೆ, ಆಯನ, ಕೋಲ, ಬಯಲಾಟಗಳ ಕಾಲ ತೊಡಗುತ್ತದೆ. ಒಂದೂರಿನಲ್ಲಿ ಕೊಡಿ ಇಳಿಯುವ ಹೊತ್ತಿಗೆ ಇನ್ನೊಂದೂರಿನಲ್ಲಿ ಕೊಡಿ ಏರಿರುತ್ತದೆ. ಈ ಸಂಭ್ರಮಕ್ಕೆ ತೆರೆ ಬೀಳುವುದು ತುಳುವರ ಬೇಷ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ. ಅಂದು ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಡಬೇಕಾದರೆ ಮಳೆಗಾಲ ಕಳೆಯಬೇಕು.

ಬಹುಮಟ್ಟಿಗೆ ಇದೇ ಪಂಚಾಂಗವನ್ನು ಅನುಸರಿಸುವ ಇನ್ನೊಂದು ಜೀವಿ ನಮ್ಮ ನಡುವೆ ಇದೆ. ಅದು ಹೆಜ್ಜೇನು. ಮಲೆಯಾಳದಲ್ಲಿ ಅದನ್ನು ಪೆರುಂತೇನ್ ಎನ್ನುತ್ತಾರೆ. ಎರಡೂ ಹೆಸರಿನ ಅರ್ಥ ದೊಡ್ಡ ಜೇನು ಎಂದೇ. ಮಳೆ ನಿಂತು ಹೂವಿನ ಕಾಲ ತೊಡಗುವಾಗ ಹೆಜ್ಜೇನು ಎತ್ತರದ ಮರಗಳಿಗೆ ಬಂದು ಎರಿ ಕಟ್ಟುತ್ತದೆ. ಮಾವು, ಗೇರು, ಕಾಡುಮರಗಳ ಹೂ ಮುಗಿದು ಮಳೆಗಾಲ ಹಿಡಿಯುವ ಹೊತ್ತಿಗೆ ಖಾಲಿ ಎರಿಯನ್ನು ಬಿಟ್ಟು ಹೊರಟುಹೋಗುತ್ತದೆ. ಹೀಗೆ ನಾವು ವರ್ಷದಲ್ಲಿ ಅತಿ ಹೆಚ್ಚು ಮಂದಿ ಬಯಲಿನಲ್ಲಿ ಸೇರುವ ತಿಂಗಳುಗಳೂ ಹೆಜ್ಜೇನು ನಮ್ಮ ತಲೆಯ ಮೇಲಿರುವ ತಿಂಗಳುಗಳೂ ಒಂದೇ ಆಗಿವೆ. ದೇವಸ್ಥಾನದ ಅಶ್ವತ್ಥ, ಬನದ ಅಂಚಿನ ಬೂರುಗ, ಧೂಪದ ಮರ, ಈಚೆಗೆ ನೀರಿನ ಟಾಂಕಿ ಮತ್ತು ಶಾಲೆಯ ಮಹಡಿ, ಇವೆಲ್ಲ ಅದಕ್ಕೆ ಪ್ರಿಯವಾದ ತಾಣಗಳು.

ಆದುದರಿಂದ ಜಾತ್ರೆಯ ಜನಸಂದಣಿಯಿಂದ ಜೇನನ್ನು ದೂರವಿರಿಸುವುದು ಹೇಗೆ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ, ಜಾತ್ರೆಯಷ್ಟೇ ಹಳೆಯದು. ಅದಕ್ಕೆ ಮನುಷ್ಯನು ಕಂಡುಕೊಂಡ ಉತ್ತರಗಳ ಇತಿಹಾಸವನ್ನು ಸ್ಥೂಲವಾಗಿ ಅವಲೋಕಿಸುವುದು ಈ ಲೇಖನದ ಉದ್ದೇಶ.

ನಾಲ್ಕು ಬಗೆಯ ಜೇನು

ಮೊದಲು ಯಾವ ಜೇನು ಎಂಬುದು ಸ್ಪಷ್ಟವಾಗಬೇಕು. ನಮ್ಮ ಕಡೆ ಸಾಮಾನ್ಯವಾಗಿ ನಾಲ್ಕು ಬಗೆಯ ಜೇನುಗಳಿವೆ. ಮಣ್ಣಿನ ಗೋಡೆಯ ಸಂದಿನಲ್ಲಿ, ಮರದ ಪೊಟರೆಯಲ್ಲಿ ಮೇಣದ ಕೊಳವೆಯಿಟ್ಟು ಬದುಕುವ ಮುಜಂಟಿಗೆ ಮುಳ್ಳೇ ಇಲ್ಲ. ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವ ಕೋಲುಜೇನು ಬಹಳ ಪುಕ್ಕಲು. ಪೊಟರೆಯಲ್ಲೂ ಪೆಟ್ಟಿಗೆಯಲ್ಲೂ ಬಾಳುವ ತುಡುವೆ ಸೌಮ್ಯ ಸ್ವಭಾವದ್ದು. ತನ್ನ ಬಾಗಿಲಿಗೆ ಕೈಹಾಕಿದರೆ ಮಾತ್ರ ಕುಟುಕುತ್ತದೆ. ನಾಲ್ಕನೆಯದು ಹೆಜ್ಜೇನು. ಇದರ ಎರಿ ಒಂದೇ ಆದರೂ ಮೀಟರಿಗಿಂತ ಅಗಲ ಬೆಳೆಯುವುದುಂಟು. ಅದು ಪೊಟರೆಯ ಮರೆಯಿಲ್ಲದೆ ಬಯಲಿನಲ್ಲಿ ತೂಗುವುದರಿಂದ ಸಾವಿರಾರು ಹುಳಗಳು ಒಂದರ ಮೇಲೊಂದು ಕುಳಿತು ತಮ್ಮ ಮೈಯನ್ನೇ ಪರದೆಯಾಗಿಸಿ ಅದನ್ನು ಕಾಯುತ್ತವೆ. ಮುಚ್ಚಿದ ಮನೆಯಿಲ್ಲದವನು ಹೆಚ್ಚು ಎಚ್ಚರವಾಗಿರಬೇಕಷ್ಟೆ. ಹೆಜ್ಜೇನಿನ ಕೋಪದ ಗುಟ್ಟು ಇಲ್ಲಿದೆ.

ಪಾನಕದ ಕೊಪ್ಪರಿಗೆಗೂ ಮಿಠಾಯಿ ಅಂಗಡಿಗೂ ಮುತ್ತುವ ತುಡುವೆ, ಕಣಜಗಳ ವಿಚಾರ ಬೇರೆ. ಅವು ಬರುವುದು ಸಿಹಿಗಾಗಿ. ಅಲ್ಲಿ ಕಾಯಬೇಕಾದ ಗೂಡಿಲ್ಲ, ಆದುದರಿಂದ ಮೈಮೇಲೆ ಬೀಳುವ ಕೋಪವೂ ಇಲ್ಲ. ಪಾತ್ರೆಗೆ ಮುಚ್ಚಳ, ಬೆಲ್ಲ ಬಾಳೆಹಣ್ಣಿಗೆ ಬಟ್ಟೆ, ಎಂಜಲೆಲೆಗೆ ದೂರದ ಗುಂಡಿ, ಇಷ್ಟಿದ್ದರೆ ಆ ತೊಂದರೆ ಮುಗಿಯಿತು. ಜೀವಕ್ಕೇ ಅಪಾಯ ಒದಗುವುದು ಮರದ ಮೇಲಿನ ಹೆಜ್ಜೇನು ಕೆರಳಿದಾಗ. ಆದುದರಿಂದ ಮುಂದಿನ ಮಾತೆಲ್ಲ ಮುಖ್ಯವಾಗಿ ಅದರ ಕುರಿತು.

ಪುರಾಣದಲ್ಲಿ ದುಂಬಿ

ನಮ್ಮ ಜನರ ಮನಸ್ಸಿನಲ್ಲಿ ಜೇನು, ದುಂಬಿಗಳಿಗೆ ಭಯದೊಂದಿಗೆ ಭಕ್ತಿಯೂ ಸೇರಿಕೊಂಡಿದೆ. ದೇವೀಮಾಹಾತ್ಮ್ಯದಲ್ಲಿ ದೇವಿಯು ಅರುಣಾಸುರನನ್ನು ಕೊಲ್ಲಲು ದುಂಬಿಯ ರೂಪ ತಾಳುವೆನೆಂದು ಹೇಳುವ ಮಾತಿದೆ. ಆಕೆಯೇ ಭ್ರಾಮರಿ. ಶ್ರೀಶೈಲದಲ್ಲಿ ಆಕೆ ಭ್ರಮರಾಂಬೆ. ನಂದಿನೀ ನದಿಯ ನಡುವಿನ ಕಟೀಲು ಕ್ಷೇತ್ರದ ಐತಿಹ್ಯವೂ ಇದೇ. ಎರಡು ಕಾಲಿನ ಮತ್ತು ನಾಲ್ಕು ಕಾಲಿನ ಜೀವಿಗಳಿಂದ ಮರಣವಿಲ್ಲವೆಂಬ ವರದಿಂದ ಕೊಬ್ಬಿದ ಅಸುರನನ್ನು ಆರು ಕಾಲಿನ ದುಂಬಿ ಕೊಂದಿತು. ಉಗ್ರಳಾದ ತಾಯಿಯನ್ನು ದೇವತೆಗಳು ಎಳನೀರಿನ ಅಭಿಷೇಕದಿಂದ ತಣಿಸಿದರು. ಯಕ್ಷಗಾನ ಬಯಲಾಟಗಳ ಮೂಲಕ ಈ ಕತೆ ಅಕ್ಷರ ಬಾರದವರ ಮನೆಗೂ ತಲಪಿದೆ.

ರಾಮಾಯಣದ ಸುಂದರಕಾಂಡದಲ್ಲಿ ಸೀತೆಯ ಸುದ್ದಿ ತಂದ ಕಪಿಗಳು ಸುಗ್ರೀವನ ಮಧುವನಕ್ಕೆ ನುಗ್ಗಿ ಜೇನು ಕುಡಿದು ಕುಣಿದುದೂ, ಕಾವಲುಗಾರ ದಧಿಮುಖನು ದೂರು ಒಯ್ದುದೂ ಬರುತ್ತದೆ. ಜೇನಿನ ವನಕ್ಕೊಬ್ಬ ಕಾವಲುಗಾರನಿದ್ದ ಎಂಬ ಕಲ್ಪನೆಯೇ ಗಮನಾರ್ಹ. ಜೇನು ಕಾಯಬೇಕಾದ ಸೊತ್ತು ಎಂಬ ಭಾವನೆ ಅಂದಿಗೇ ಬೇರೂರಿತ್ತು.

ಹೊಗೆಯ ಇತಿಹಾಸ

ಜೇನಿನೆದುರು ಮನುಷ್ಯ ಹಿಡಿದ ಮೊದಲ ಆಯುಧ ಹೊಗೆ. ಮಧ್ಯಪ್ರದೇಶದ ಪಚ್‌ಮಡಿಯ ಬಂಡೆಗಳ ಮೇಲಿನ ಪ್ರಾಚೀನ ಚಿತ್ರಗಳಲ್ಲಿ ಏಣಿ ಹಾಕಿ ಜೇನಿನ ಎರಿಗೆ ಕೈಚಾಚಿದ ಮನುಷ್ಯರಿದ್ದಾರೆ. ಈಜಿಪ್ಟಿನ ಥೀಬ್ಸ್‌ನಲ್ಲಿ ಕ್ರಿ.ಪೂ. 15ನೇ ಶತಮಾನದ ಮಂತ್ರಿ ರೆಖ್ಮಿರೆಯ ಸಮಾಧಿಯಿದೆ. ಅದರ ಗೋಡೆಯ ಮೇಲೆ ಒಬ್ಬನು ಹೊಗೆಯಾಡುವ ಬಟ್ಟಲನ್ನು ಜೇನುಗೂಡಿನ ಬಾಯಿಗೆ ಹಿಡಿದಿದ್ದಾನೆ, ಇನ್ನೊಬ್ಬ ಎರಿ ತೆಗೆಯುತ್ತಿದ್ದಾನೆ. ಮೂರೂವರೆ ಸಾವಿರ ವರ್ಷಗಳ ಹಿಂದಿನ ಆ ಚಿತ್ರಕ್ಕೂ ನಮ್ಮೂರಿನ ಜೇನುಕೃಷಿಕನು ತೆಂಗಿನ ಸಿಪ್ಪೆಯ ಹೊಗೆ ಊದುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. 1870ರ ದಶಕದಲ್ಲಿ ಅಮೆರಿಕದ ಮೋಸೆಸ್ ಕ್ವಿನ್ಬಿ ಎಂಬವನು ಡಬ್ಬಿಗೆ ತಿದಿ ಜೋಡಿಸಿ ಒಂದೇ ಕೈಯಲ್ಲಿ ಹೊಗೆ ಊದುವ ಸಾಧನ ಮಾಡಿದನು. ಇಂದಿನ ಹೊಗೆತಿದಿಗಳೆಲ್ಲ ಅದರ ಸಂತತಿ.

ಹೊಗೆಗೆ ಜೇನು ಏಕೆ ತಣಿಯುತ್ತದೆ ಎಂಬುದು ತಿಳಿಯಲು ಬಹುಕಾಲ ಹಿಡಿಯಿತು. ಒಂದು ಹುಳ ಕುಟುಕಿದೊಡನೆ ಉಳಿದವು ಮುತ್ತುವುದೇಕೆಂದು ಕಣ್ಣು ಕಾಣದ ಸ್ವಿಸ್ ವಿದ್ವಾಂಸ ಫ್ರಾಂಸ್ವಾ ಹ್ಯೂಬರ್ ವಿಚಾರ ಮಾಡಿದನು. ಕಿತ್ತ ಮುಳ್ಳಿನ ವಾಸನೆಯೇ ಗೂಡನ್ನು ಕೆರಳಿಸುತ್ತದೆಂಬ ಅವನ ಪ್ರಯೋಗ 1814ರಲ್ಲಿ ಪ್ರಕಟವಾಯಿತು. ಆ ವಾಸನೆಯ ಮುಖ್ಯ ದ್ರವ್ಯ ಐಸೊಅಮೈಲ್ ಅಸಿಟೇಟ್ ಎಂದು 1962ರಲ್ಲಿ ಕೆನಡಾದ ವಿಜ್ಞಾನಿಗಳು ಗುರುತಿಸಿದರು. ಸೋಜಿಗದ ಸಂಗತಿಯೆಂದರೆ ಪಕ್ವವಾದ ಬಾಳೆಹಣ್ಣಿನ ಪರಿಮಳದಲ್ಲೂ ಇದೇ ದ್ರವ್ಯವಿದೆ. ಜೇನುಪೆಟ್ಟಿಗೆ ತೆರೆಯುವ ಮುನ್ನ ಬಾಳೆಹಣ್ಣು ತಿನ್ನಬೇಡವೆಂದು ಜೇನುಕೃಷಿಕರು ಹೇಳುವುದು ಇದಕ್ಕೇ. ಹೊಗೆ ತಗಲಿದಾಗ ಜೇನಿನ ಮೀಸೆಗೆ ಈ ಎಚ್ಚರಿಕೆಯ ವಾಸನೆ ಸರಿಯಾಗಿ ತಾಗುವುದಿಲ್ಲವೆಂದು 1995ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ತೋರಿಸಿದರು. ಆದರೆ ಆ ಮಂಕು ಹತ್ತಿಪ್ಪತ್ತು ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಇದಲ್ಲದೆ ಹೊಗೆ ಕಂಡ ಜೇನು ಕಾಡ್ಗಿಚ್ಚು ಬಂತೆಂದು ಬಗೆದು ಹೊಟ್ಟೆ ತುಂಬ ತುಪ್ಪ ಹೀರಿಕೊಂಡು ಮನೆ ಬಿಡಲು ಸಿದ್ಧವಾಗುತ್ತದೆ. ಅಂಥ ಹೊತ್ತಿನಲ್ಲಿ ಅದಕ್ಕೆ ಜಗಳದ ಮನಸ್ಸು ಕಡಿಮೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹೊಗೆಗೆ ಎರಡು ಮುಖಗಳಿವೆ. ಪೆಟ್ಟಿಗೆಯೊಳಗಿನ ತುಡುವೆಗೆ ತಣ್ಣನೆಯ ಒಂದಿಷ್ಟು ಹೊಗೆ ಊದುವುದು ಬೇರೆ. ಮರದ ಮೇಲಿನ ಹೆಜ್ಜೇನಿಗೆ ಹಗಲಿನಲ್ಲಿ ಕೆಳಗಿನಿಂದ ಬಿಸಿ ಹೊಗೆ ಏರಿಸುವುದು ಬೇರೆ. ಎರಡನೆಯದರಿಂದ ಎರಿಯ ಪರದೆ ಒಡೆದು ಸಾವಿರಾರು ಹುಳಗಳು ಒಮ್ಮೆಲೇ ಹಾರುತ್ತವೆ. ಮರದಡಿಯಲ್ಲಿ ಜನರಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಪೀಳಿಗೆಗಳಿಂದ ಹೆಜ್ಜೇನಿನ ಸಹವಾಸದಲ್ಲಿರುವ ಜೇನುಕುರುಬರು, ನೀಲಗಿರಿಯ ಕುರುಂಬರು ಮೊದಲಾದವರ ಹೊಗೆಗೆ ಕಾಲವಿದೆ, ಸೊಪ್ಪಿನ ಆಯ್ಕೆಯಿದೆ, ಗಾಳಿಯ ದಿಕ್ಕಿನ ಲೆಕ್ಕವಿದೆ. ಮಲೇಷ್ಯದ ಜೇನುಬೇಟೆಗಾರರು ಚಂದ್ರನಿಲ್ಲದ ರಾತ್ರಿಯಲ್ಲೇ ಮರವೇರುತ್ತಾರೆ. ಉರಿಯುವ ಸೂಡಿಯನ್ನು ಕೊಂಬೆಗೆ ಬಡಿದಾಗ ಕಿಡಿಗಳು ಮಳೆಯಂತೆ ಕೆಳಗೆ ಸುರಿಯುತ್ತವೆ. ಕತ್ತಲಲ್ಲಿ ಹೆಜ್ಜೇನು ಬೆಳಕನ್ನೇ ಅಟ್ಟಿಕೊಂಡು ನೆಲಕ್ಕಿಳಿಯುತ್ತದೆ. ಹೆಜ್ಜೇನು ಇರುಳಿನಲ್ಲಿ ಬೆಳಕಿನ ಬೆನ್ನು ಹಿಡಿಯುತ್ತದೆ ಎಂಬ ಈ ಒಂದು ಜ್ಞಾನ ನಮ್ಮ ರಾತ್ರಿಯ ಉತ್ಸವಗಳಿಗೆ ಎಲ್ಲಕ್ಕಿಂತ ಮುಖ್ಯವಾದುದು.

ಹಿರಿಯರ ಜಾತ್ರೆಯ ಏರ್ಪಾಡು

ವಿದ್ಯುತ್ತು ಬರುವುದಕ್ಕೆ ಮೊದಲು ನಮ್ಮ ಜಾತ್ರೆಗಳ ಬೆಳಕೆಂದರೆ ಎಣ್ಣೆಯ ಹಣತೆ, ದೀವಟಿಗೆ, ತೆಂಗಿನ ಒಣಮಡಲಿನ ಸೂಟೆ. ಮುಂದೆ ಗ್ಯಾಸ್‌ಲೈಟು ಬಂತು. ಇವುಗಳ ಬೆಳಕು ಆಳೆತ್ತರದಲ್ಲಿರುತ್ತಿತ್ತು, ದೇವರ ಬಲಿಯೊಂದಿಗೆ ಸಾಗುತ್ತಿತ್ತು. ಮರದ ನೆತ್ತಿ ಕತ್ತಲಲ್ಲೇ ಉಳಿಯುತ್ತಿತ್ತು. ಬೆಡಿಗೆ ದೇವಸ್ಥಾನದ ಅಂಗಣ ಬಿಟ್ಟು ತೆರೆದ ಗದ್ದೆಯೇ ಬೇಕಾಗಿತ್ತು. ಮಕರ ಸಂಕ್ರಮಣದ ಹೊತ್ತಿಗೆ ನಡೆಯುವ ಕುಂಬಳೆ ಬೆಡಿಯಂಥ ಉತ್ಸವಗಳ ಹೆಸರೇ ಆ ಗದ್ದೆಯ ನೆನಪನ್ನು ತರುತ್ತದೆ. ಅನ್ನಸಂತರ್ಪಣೆಯ ಒಲೆಗಳು ಬೇರೊಂದು ಕೊಟ್ಟಗೆಯಲ್ಲಿ ಉರಿಯುತ್ತಿದ್ದವು. ನಾಗಬನಕ್ಕೆ ಕತ್ತಿ ಹಾಕಬಾರದು, ಅಲ್ಲಿ ಬೆಂಕಿ ಮಾಡಬಾರದು, ಹೊತ್ತಲ್ಲದ ಹೊತ್ತಿನಲ್ಲಿ ಹೋಗಬಾರದು ಎಂಬ ಕಟ್ಟುಪಾಡು ಇತ್ತು. ಮಲೆಯಾಳದ ಕಾವುಗಳಿಗೂ ಇಂಥದೇ ನಿಯಮ.

ಇವೆಲ್ಲವನ್ನು ಜೇನಿಗೆ ಹೆದರಿಯೇ ಮಾಡಿದರೆಂದು ಹೇಳಲಾಗದು. ಹುಲ್ಲಿನ ಮಾಡಿಗೆ ಬೆಂಕಿ ತಗಲಬಾರದು, ನಾಗನಿಗೆ ಮೈಲಿಗೆಯಾಗಬಾರದು ಎಂಬ ಬೇರೆ ಬೇರೆ ಕಾರಣಗಳು ಅವಕ್ಕಿದ್ದವು. ಆದರೆ ಫಲ ಒಂದೇ ಆಯಿತು. ಹೆಜ್ಜೇನಿನ ಮರದಡಿಯಲ್ಲಿ ಬೆಂಕಿಯಿಲ್ಲ, ಬೆಳಕಿಲ್ಲ, ಗದ್ದಲವಿಲ್ಲ. ಜೇನನ್ನು ಅಟ್ಟುವ ಉಪಾಯ ಹುಡುಕುವ ಬದಲು ಉತ್ಸವವನ್ನೇ ಅದರ ದಾರಿಯಿಂದ ಸರಿಸಿ ಇಟ್ಟಂತಾಯಿತು. ಅತ್ಯಂತ ಸಹಜವಾದ ವಿಧಾನ ಇದೇ.

ಇಂದು ಚಿತ್ರ ಬದಲಾಗಿದೆ. ಗೋಪುರದೆತ್ತರದ ಕಂಬಗಳಿಂದ ಪ್ರಖರ ದೀಪಗಳು ಮರದ ಕೊಂಬೆಗಳ ನಡುವೆಯೇ ಉರಿಯುತ್ತವೆ. ಅಶ್ವತ್ಥದ ಮೈತುಂಬ ಬಣ್ಣದ ಬಲ್ಬಿನ ಸರ ಸುತ್ತುತ್ತೇವೆ. ಜಾಗದ ಅಭಾವದಿಂದ ಗರ್ನಾಲು ಮರದ ಬುಡಕ್ಕೇ ಬಂದಿದೆ, ಅಡಿಗೆಯ ಒಲೆ ಕಟ್ಟೆಯ ಪಕ್ಕಕ್ಕೆ ಬಂದಿದೆ. ಚಿತ್ರೀಕರಣದ ಡ್ರೋನು ಕೊಂಬೆಗಳ ನಡುವೆ ಗುಂಯ್‌ಗುಟ್ಟುತ್ತದೆ. ಹೆಜ್ಜೇನಿನ ಆಜನ್ಮ ವೈರಿ ಜೇನುಗಿಡುಗ. ಅದು ಎರಿಗೆ ಎರಗಿ ತುಂಡು ಕಿತ್ತೊಯ್ದಾಗ ಕೆರಳಿದ ಹುಳಗಳು ಕೆಳಗಿದ್ದ ಜನರ ಮೇಲೆ ತಿರುಗುವುದುಂಟು. ಹಾರುವ ಯಂತ್ರವೂ ಅದರ ಕಣ್ಣಿಗೆ ಅಂಥದೇ ಒಂದು ಗಿಡುಗವಾದರೆ ಆಶ್ಚರ್ಯವಿಲ್ಲ.

ಕೆರಳಿದಾಗ ಏನಾಗಿದೆ

ಜೇನಿನ ಕೋಪವನ್ನು ಲಘುವಾಗಿ ಕಾಣಬಾರದೆಂಬುದಕ್ಕೆ ಇತಿಹಾಸದಲ್ಲಿ ದೃಷ್ಟಾಂತಗಳಿವೆ. ಜಬಲ್ಪುರದ ಬಳಿ ಭೇಡಾಘಾಟ್‌ನಲ್ಲಿ ನರ್ಮದೆ ಅಮೃತಶಿಲೆಯ ಬಂಡೆಗಳ ನಡುವೆ ಹರಿಯುತ್ತದೆ. ಆ ಬಂಡೆಗಳ ತುಂಬ ಹೆಜ್ಜೇನು. 19ನೇ ಶತಮಾನದಲ್ಲಿ ರೈಲುದಾರಿಯ ಕೆಲಸಕ್ಕೆ ಬಂದಿದ್ದ ಬಾಡಿಂಗ್ಟನ್ ಎಂಬ ಇಂಜಿನಿಯರನು ಜೇನಿನಿಂದ ತಪ್ಪಿಸಿಕೊಳ್ಳಲು ನೀರಿಗೆ ಹಾರಿ ಮುಳುಗಿ ಸತ್ತನು. ಕ್ಯಾಪ್ಟನ್ ಫಾರ್ಸಿತನು 1871ರಲ್ಲಿ ಪ್ರಕಟವಾದ ತನ್ನ ಮಧ್ಯ ಭಾರತದ ಕಾಡುಗಳ ಗ್ರಂಥದಲ್ಲಿ ಈ ಸಂಗತಿಯನ್ನು ಹೇಳಿದ್ದಾನೆ. ಜೇನು ಅಟ್ಟಿಬಂದರೆ ಕೆರೆಗೆ ಹಾರು ಎಂಬ ಹಳ್ಳಿಯ ಮಾತು ಎಷ್ಟು ಅಪಾಯಕರವೆಂದು ಇದರಿಂದ ತಿಳಿಯುತ್ತದೆ. ಮುಳುಗಿದವನು ಉಸಿರಿಗೆ ತಲೆಯೆತ್ತಲೇಬೇಕು. ಹೆಜ್ಜೇನು ನೀರಿನ ಮೇಲೆ ಸುತ್ತುತ್ತಲೇ ಇರುತ್ತದೆ.

ಎರಡನೆಯದು ಒಂದನೆಯ ಮಹಾಯುದ್ಧದ ಕಾಲದ್ದು. 1914ರ ನವೆಂಬರ್ ಮೊದಲ ವಾರದಲ್ಲಿ ಭಾರತದಿಂದ ಹಡಗೇರಿ ಹೋದ ಸುಮಾರು 8,000 ಸೈನಿಕರು ಪೂರ್ವ ಆಫ್ರಿಕದ ಟಾಂಗಾ ಬಂದರಿನಲ್ಲಿ ಇಳಿದರು. ಮದರಾಸು ಪ್ರಾಂತದ ಪಾಳಯಂಕೋಟೆ ಪದಾತಿದಳವೂ ಅವರಲ್ಲಿತ್ತು. ಜರ್ಮನರ ಸೈನ್ಯ ಅದರ ಏಳೆಂಟನೆಯ ಒಂದು ಪಾಲಿನಷ್ಟು ಮಾತ್ರ. ಆದರೂ ಭಾರತದ ಪಡೆಗೆ ದೊಡ್ಡ ಸೋಲಾಯಿತು. ಸೋಲಿಗೆ ಬೇರೆ ಅನೇಕ ಕಾರಣಗಳಿದ್ದರೂ ನವೆಂಬರ್ 4ರ ಕಾಳಗದಲ್ಲಿ ಗುಂಡಿನ ಏಟಿಗೆ ಮರಗಳಲ್ಲಿದ್ದ ಜೇನುಗೂಡುಗಳು ಕೆರಳಿ ಸೈನಿಕರ ಮೇಲೆ ಬಿದ್ದುದು ಆ ಯುದ್ಧಕ್ಕೆ ಜೇನಿನ ಕಾಳಗವೆಂಬ ಹೆಸರನ್ನೇ ತಂದಿತು. ಜರ್ಮನರು ಬೇಕೆಂದೇ ಜೇನನ್ನು ಬಿಟ್ಟರೆಂಬ ಕತೆ ಆಮೇಲೆ ಹುಟ್ಟಿತು. ನಿಜವಾಗಿ ಜೇನಿಗೆ ಎರಡು ಪಕ್ಷವೂ ಒಂದೇ. ಜರ್ಮನರನ್ನೂ ಅವು ಬಿಡಲಿಲ್ಲ. ಸಿಡಿಮದ್ದಿನ ಪಕ್ಕದಲ್ಲಿ ಜೇನು ಇರಬಾರದೆಂಬ ಪಾಠಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮೂರನೆಯದು ಶ್ರೀಲಂಕೆಯ ಸಿಗಿರಿಯ. 5ನೇ ಶತಮಾನದ ಕಾಶ್ಯಪ ರಾಜನ ಆ ಬಂಡೆಕೋಟೆಯಲ್ಲಿ ಹೆಜ್ಜೇನಿನ ಎರಿಗಳು ತೂಗುತ್ತವೆ. ಸಿಂಹಳೀಯರು ಅದನ್ನು ಬಂಬರ ಎನ್ನುತ್ತಾರೆ. ನಿತ್ಯ ಸಾವಿರಾರು ಯಾತ್ರಿಕರು ಬರುವ ಸ್ಥಳವದು. ಅಲ್ಲಿ ಸಿಂಹದ ಪಾದಗಳ ಜಗಲಿಯಲ್ಲಿ ತಂತಿಬಲೆಯ ಕೋಣೆಯನ್ನು ಕಟ್ಟಿದ್ದಾರೆ. ಜೇನೆದ್ದರೆ ಜನ ಒಳಹೊಕ್ಕು ಬಾಗಿಲು ಹಾಕಿಕೊಳ್ಳಬಹುದು. ಗದ್ದಲ ಮಾಡಬಾರದೆಂಬ ಎಚ್ಚರಿಕೆಯ ಫಲಕಗಳೂ ಇವೆ. ಜನರನ್ನು ಬಲೆಯೊಳಗಿಟ್ಟು ಜೇನನ್ನು ಅದರ ಪಾಡಿಗೆ ಬಿಡುವ ಈ ಕ್ರಮ ನಮ್ಮ ಸಮಿತಿಗಳು ಅಭ್ಯಾಸ ಮಾಡಬೇಕಾದ ಮಾದರಿ.

ಜೇನಿಲ್ಲದ ಊರು

ಇಷ್ಟು ಅಪಾಯವಿರುವಾಗ ಎರಿಗೆ ಬೆಂಕಿ ಕೊಟ್ಟೋ ವಿಷ ಹೊಡೆದೋ ಮುಗಿಸಿಬಿಡಬಾರದೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಹೇಳಲು ಕಾಸರಗೋಡಿನವರಿಗಿಂತ ಹೆಚ್ಚು ಅಧಿಕಾರ ಇನ್ನಾರಿಗೂ ಇರಲಾರದು. 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ ಇಲ್ಲಿನ ಗೇರುತೋಟಗಳ ಮೇಲೆ ಟೀ ಸೊಳ್ಳೆಯ ನಿವಾರಣೆಗೆಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆಯ ಪಡ್ರೆ ಮೊದಲಾದ ಊರುಗಳ ಜನರು ಪಟ್ಟ ಪಾಡು ಈಗ ಲೋಕಕ್ಕೆಲ್ಲ ತಿಳಿದಿದೆ. ಮನುಷ್ಯರ ಕಾಯಿಲೆಗಳು ಲೆಕ್ಕಕ್ಕೆ ಬರುವುದಕ್ಕೆ ಮೊದಲೇ ಅಲ್ಲಿನವರ ಕಣ್ಣಿಗೆ ಬಿದ್ದ ಸೂಚನೆಗಳಿದ್ದವು. ತೋಡಿನ ಮೀನು ಸತ್ತಿತು, ಕರುಗಳು ಕೈಕಾಲು ಊನವಾಗಿ ಹುಟ್ಟಿದವು, ಜೇನು ಕಾಣೆಯಾಯಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಆ ವಿಷವನ್ನು ತಡೆಯಿತು. ಆದರೆ ಹೋದ ಜೀವಗಳು ಬರಲಿಲ್ಲ. ಜೇನು ಮಾಯವಾದುದು ಊರಿಗೆ ಬಂದ ನೆಮ್ಮದಿಯಲ್ಲ, ಬರಲಿರುವ ಕೇಡಿನ ಮುನ್ಸೂಚನೆ ಎಂಬುದನ್ನು ಈ ನೆಲ ಬಹಳ ದುಬಾರಿ ಬೆಲೆ ತೆತ್ತು ಕಲಿತಿದೆ.

ಅದೇ ಕಾಲಾವಧಿಯಲ್ಲಿ, 1991-92ರ ಸುಮಾರಿಗೆ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಗಳಿಗೆ ತಗಲಿ ಬಹುಪಾಲು ಕುಟುಂಬಗಳು ನಾಶವಾದವು. ಸಾಲಾಗಿ ಇಟ್ಟ ಪೆಟ್ಟಿಗೆಗಳು ಬರಿದಾದವು. ಏಲಕ್ಕಿ, ಕಾಫಿ, ತರಕಾರಿ ಬಳ್ಳಿಗಳು, ಕಾಡುಮರಗಳು, ಇವುಗಳ ಫಲಕ್ಕೆ ಜೇನಿನ ಓಡಾಟ ಬೇಕು. ಒಂದು ದಿನದ ಉತ್ಸವಕ್ಕಾಗಿ ಒಂದು ಎರಿಯನ್ನು ಸುಟ್ಟವನು ತನ್ನ ತೋಟದ ಫಸಲಿಗೇ ಕಿಚ್ಚಿಟ್ಟಂತೆ. ಅಲ್ಲದೆ ಸುಟ್ಟರೆ ಜಾಗ ಖಾಲಿಯಾಗಿಯೇ ಉಳಿಯುತ್ತದೆಂಬ ಭರವಸೆಯೂ ಇಲ್ಲ. ಅಸ್ಸಾಮಿನ ಹೆಜ್ಜೇನುಗಳನ್ನು ವಂಶವಾಹಿಯ ಪರೀಕ್ಷೆಯಿಂದ ಗುರುತಿಸಿದ ಸಂಶೋಧನೆಯೊಂದು 2000ದಲ್ಲಿ ಪ್ರಕಟವಾಯಿತು. ತಿಂಗಳುಗಟ್ಟಲೆ ದೂರವಿದ್ದ ಕುಟುಂಬಗಳು ಮರಳಿ ಹಿಂದಿನ ನೆಲೆಗೇ ಬಂದುದು ಅದರಿಂದ ತಿಳಿದುಬಂತು. ಒಂದು ಕುಟುಂಬ ಹೋದರೂ ಒಳ್ಳೆಯ ಮರಕ್ಕೆ ಇನ್ನೊಂದು ಬಂದೀತು. ಹೆಜ್ಜೇನಿನ ಮರ ಹೆಜ್ಜೇನಿನ ಮರವೇ.

ಸುಳ್ಳು ಮದ್ದು, ನಿಜ ಮದ್ದು

ಸಹಜ ವಿಧಾನವೆಂದು ಕೇಳಿಬರುವ ಎಲ್ಲವೂ ಸರಿಯಲ್ಲ. ಮಜ್ಜಿಗೆಹುಲ್ಲಿನ ಎಣ್ಣೆ ಸಿಂಪಡಿಸಿದರೆ ಜೇನು ಬರುವುದಿಲ್ಲವೆನ್ನುತ್ತಾರೆ. ಸೊಳ್ಳೆಗೆ ಅದು ಸರಿ. ಜೇನಿಗೆ ಹಾಗಲ್ಲ, ಆ ಎಣ್ಣೆಯಲ್ಲಿರುವ ಸಿಟ್ರಾಲ್ ಎಂಬ ದ್ರವ್ಯ ಜೇನುಗಳು ತಮ್ಮವರನ್ನು ಕರೆಯಲು ಸೂಸುವ ಪರಿಮಳದಲ್ಲೂ ಇದೆ. ಜೇನುಕೃಷಿಕರು ಕುಟುಂಬವನ್ನು ಸೆಳೆಯಲು ಖಾಲಿ ಪೆಟ್ಟಿಗೆಗೆ ಸವರುವುದು ಅದನ್ನೇ! ಅತ್ತರು, ಸೆಂಟು ಪೂಸಿಕೊಂಡು ಎರಿಯ ಕೆಳಗೆ ನಿಲ್ಲುವುದೂ ಒಳ್ಳೆಯದಲ್ಲ. ಸಾಂಬ್ರಾಣಿ, ಧೂಪದ ರಾಳಗಳು ಮನಸ್ಸಿಗೆ ಹಿತ. ಆದರೆ ಅವುಗಳ ಹೊಗೆಯೂ ಹೊಗೆಯೇ. ಮೇಲೆ ಎರಿಯಿರುವಲ್ಲಿ ದೊಡ್ಡದಾಗಿ ಹಾಕಬಾರದು.

ಕೆಲವೊಮ್ಮೆ ಚಪ್ಪರದ ಕಂಬಕ್ಕೋ ಕಟ್ಟೆಯ ಕೊಂಬೆಗೋ ಒಮ್ಮಿಂದೊಮ್ಮೆಲೇ ಜೇನಿನ ಗೊಂಚಲು ಬಂದು ಕೂರುವುದುಂಟು. ಎರಿಯಿಲ್ಲದೆ ಬರಿಯ ಹುಳಗಳೇ ಜೋತಿದ್ದರೆ ಅದು ದಾರಿಹೋಕ ಹಿಂಡು. ಹೊಟ್ಟೆ ತುಂಬ ತುಪ್ಪ ಹೀರಿ ಹೊಸ ಮನೆ ಹುಡುಕುತ್ತ ವಿಶ್ರಮಿಸಲು ಕುಳಿತದ್ದು. ಅದಕ್ಕೆ ಕಾಯಬೇಕಾದ ಮರಿಯೂ ಇಲ್ಲ, ತುಪ್ಪವೂ ಇಲ್ಲ. ಸುತ್ತ ಹಗ್ಗ ಕಟ್ಟಿ ಜನರನ್ನು ಸರಿಸಿದರೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ತಾನಾಗಿ ಎದ್ದು ಹೋಗುತ್ತದೆ. ತುಡುವೆಯಾದರೆ ಊರಿನ ಜೇನುಕೃಷಿಕನನ್ನು ಕರೆದರೆ ಸಂತೋಷದಿಂದ ಪೆಟ್ಟಿಗೆಗೆ ತುಂಬಿಸಿಕೊಳ್ಳುವನು.

ಇನ್ನು ಸಮಿತಿಯವರು ಮಾಡಬಹುದಾದ ಕೆಲಸಗಳನ್ನು ಹೇಳುವುದಾದರೆ, ಚಪ್ಪರದ ಮುಹೂರ್ತಕ್ಕೆ ಮೊದಲೇ ಒಬ್ಬರು ತಿಳಿದವರು ಸುತ್ತಲಿನ ಮರ, ಗೋಪುರ, ಟಾಂಕಿಗಳನ್ನು ತಲೆಯೆತ್ತಿ ನೋಡಿ ಬರಬೇಕು. ಎರಿಯಿರುವ ಮರವನ್ನು ಬಿಟ್ಟು ಚಪ್ಪರ, ಒಲೆ, ಹೋಮಕುಂಡ, ಬೆಡಿ ಇವುಗಳಿಗೆ ದೂರದ ಜಾಗ ಗೊತ್ತುಮಾಡಬೇಕು. ಗಾಳಿ ಬೀಸುವ ದಿಕ್ಕನ್ನು ನೋಡಿ, ಹೊಗೆ ಮರದ ಕಡೆ ಹೋಗದಂತೆ ಒಲೆ ಹೂಡಬೇಕು. ಆ ಮರಕ್ಕೆ ಬಲ್ಬಿನ ಸರ ಬೇಡ. ದೀಪಗಳ ಮುಖ ನೆಲದತ್ತ ಇರಲಿ. ಮಕ್ಕಳು ಕಲ್ಲೆಸೆಯದಂತೆ ಒಬ್ಬ ಸ್ವಯಂಸೇವಕ ಕಾವಲಿರಲಿ. ಎರಿ ಮಂಟಪದ ನೆತ್ತಿಯ ಮೇಲೆಯೇ ಇದ್ದು ಬೇರೆ ದಾರಿಯೇ ಇಲ್ಲವಾದರೆ, ಉತ್ಸವಕ್ಕೆ ಬಹಳ ಮುಂಚಿತವಾಗಿ, ಜನರಿಲ್ಲದ ರಾತ್ರಿಯಲ್ಲಿ, ಕಸುಬು ಬಲ್ಲವರಿಂದಲೇ ತೆಗೆಸಬೇಕು. ಉತ್ಸಾಹಿ ಯುವಕರ ಕೈಗೆ ಸೂಟೆ ಕೊಡುವ ಕೆಲಸ ಇದಲ್ಲ.

ಇಷ್ಟಾಗಿಯೂ ಜೇನೆದ್ದರೆ, ಕೈಬೀಸದೆ, ಮುಖ ಮುಚ್ಚಿಕೊಂಡು, ನೇರವಾಗಿ ದೂರ ಓಡಿ ಮುಚ್ಚಿದ ಕೋಣೆಯನ್ನೋ ವಾಹನವನ್ನೋ ಸೇರಬೇಕು. ಅಂಥ ಕೋಣೆಗಳ ಬಾಗಿಲಿಗೆ ಅಂದು ಬೀಗವಿರಬಾರದು. ರಾತ್ರಿಯಾದರೆ ಮರದ ಬಳಿಯ ದೀಪವನ್ನೂ ಜನರ ಮೇಲಿನ ದೀಪವನ್ನೂ ಕೆಡಿಸಬೇಕು. ಆದರೆ ಹೊರದಾರಿಯ ನೆಲ ಕಾಣುವಷ್ಟು ಸಣ್ಣ ಬೆಳಕು ಉಳಿದಿರಲಿ. ಕತ್ತಲಲ್ಲಿ ಕಾಲ್ತುಳಿತವಾದರೆ ಅದು ಜೇನಿಗಿಂತ ದೊಡ್ಡ ವಿಪತ್ತು. ಧ್ವನಿವರ್ಧಕದಲ್ಲಿ ಶಾಂತ ಸ್ವರದಲ್ಲಿ ಸೂಚನೆ ಕೊಡಲು ಒಬ್ಬರನ್ನು ಮೊದಲೇ ನೇಮಿಸಿರಬೇಕು. ಚುಚ್ಚಿದ ಮುಳ್ಳನ್ನು ಉಗುರಿನಿಂದ ಕೆರೆದೋ ಚಿವುಟಿಯೋ, ಹೇಗಾದರೂ ಸರಿ, ಕೂಡಲೇ ತೆಗೆಯಬೇಕು. ವಿಷ ಏರುವುದು ತಡಮಾಡಿದಷ್ಟೂ ಹೆಚ್ಚು. ಅನೇಕ ಕಡೆ ಕುಟುಕಿಸಿಕೊಂಡವರನ್ನೂ ಒಂದೇ ಕುಟುಕಿಗೆ ಉಸಿರು ಕಟ್ಟಿದವರನ್ನೂ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಅಲರ್ಜಿ ಇರುವವರಿಗೆ ಒಂದು ಕುಟುಕೂ ಪ್ರಾಣಾಂತಿಕವಾದೀತು.

ಒಟ್ಟಿನಲ್ಲಿ ಹೇಳುವುದಾದರೆ, ರೆಖ್ಮಿರೆಯ ಗೋಡೆಯ ಚಿತ್ರದಿಂದ ಸಿಗಿರಿಯದ ತಂತಿಬಲೆಯ ವರೆಗೆ ಜೇನಿನೊಂದಿಗೆ ಬಾಳಿದವರೆಲ್ಲ ಕಂಡುಕೊಂಡ ಸತ್ಯ ಒಂದೇ. ಜೇನಿಗೆ ನಮ್ಮ ಜಾತ್ರೆಯ ಮೇಲೆ ಹಗೆಯಿಲ್ಲ. ಅದಕ್ಕೆ ಬೇಕಾದುದು ತನ್ನ ಮರದ ಸುತ್ತ ಒಂದಿಷ್ಟು ಕತ್ತಲು, ಒಂದಿಷ್ಟು ಮೌನ. ಅದನ್ನು ನಾವು ಕೊಟ್ಟರೆ ಕೊಡಿ ಏರಿದಂದಿನಿಂದ ಇಳಿಯುವ ತನಕ ಎರಡು ಸಂಸಾರಗಳೂ ಸುಖವಾಗಿರಬಹುದು. ಪತ್ತನಾಜೆಯ ಹೊತ್ತಿಗೆ ನಾವೂ ಚಪ್ಪರ ಬಿಚ್ಚುತ್ತೇವೆ, ಅದೂ ಹೊರಡುತ್ತದೆ. ಮುಂದಿನ ದೀಪಾವಳಿ ಕಳೆದ ಮೇಲೆ ಅದೇ ಕೊಂಬೆಯಲ್ಲಿ ಮತ್ತೆ ಎರಿ ಕಂಡರೆ, ಊರಿನ ಗಾಳಿ ಇನ್ನೂ ಕೆಟ್ಟಿಲ್ಲ ಎಂದು ಸಮಾಧಾನಪಟ್ಟು, ಒಲೆಯ ಜಾಗವನ್ನು ನಾಲ್ಕು ಮಾರು ಆಚೆಗೆ ಗುರುತು ಮಾಡೋಣ.